ಅಕ್ಕ ಕೆಡಿಸಿದ ಹಾಡುಗಳು

ನಮ್ಮಕ್ಕನಿಗೆ ಏರುಪೇರು ಕಂಡರೆ ಆಗುವುದಿಲ್ಲ. ಗೋಡೆಯ ಫೋಟೊ ಒಂದಿಷ್ಟು ಓರೆಯಾಗಿದ್ದರೂ ಊಟದ ಮಧ್ಯೆ ಎದ್ದುಹೋಗಿ ಸರಿಮಾಡಿ ಬರುವ ಪೈಕಿ. ಗಾರೆ ಕೆಲಸದವರು ಗೋಡೆಯ ಮೇಲಿಟ್ಟು ನೋಡುತ್ತಾರಲ್ಲ, ಒಳಗೊಂದು ಗುಳ್ಳೆ ಓಡಾಡುವ ರಸಮಟ್ಟ, ನಾನು ಅವಳಿಗೆ ಅದೇ ಹೆಸರಿಟ್ಟಿದ್ದೇನೆ. ಅವಳು ನನ್ನನ್ನು ಸೂಜಿ ಅನ್ನುತ್ತಾಳೆ. ನಾನು ಮನೆಯಲ್ಲೇ ಕೂತು ಅಂಗಡಿಗಳಿಗೆ ಕಿಟಕಿಯ ಪರದೆ ಹೊಲಿದುಕೊಡುವವಳು, ಅದೊಂದು ಕಾರಣ. ಇನ್ನೊಂದು ಕಾರಣ ನನ್ನ ನಾಲಿಗೆ.

ಅಕ್ಕನ ಕೆಲಸವೂ ಅವಳ ಸ್ವಭಾವಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ರೇಡಿಯೊ ಸ್ಟೇಷನ್ನಿನಲ್ಲಿ ಹಾಡು, ವಾರ್ತೆ, ಜಾಹೀರಾತು ಒಂದರ ಬೆನ್ನಿಗೊಂದು ಬರುವಾಗ ಒಂದು ಕಿರುಚಿ ಇನ್ನೊಂದು ಪಿಸುಗುಟ್ಟದ ಹಾಗೆ ಸದ್ದನ್ನು ಸಮ ಮಾಡುವವಳು ಅವಳು. "ಕೇಳೋರು ವಾಲ್ಯೂಮ್ ಮೇಲೆ ಕೈ ಇಟ್ರು ಅಂದ್ರೆ ನಾನು ಸೋತೆ ಅಂತ ಅರ್ಥ" ಅನ್ನುತ್ತಾಳೆ. ಅಪ್ಪ ಈ ಮಾತನ್ನು ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ ಸವೆಸಿಬಿಟ್ಟಿದ್ದಾನೆ. ಗ್ಯಾಸ್ ಸಿಲಿಂಡರ್ ತಂದವನನ್ನೂ ಬಿಟ್ಟಿಲ್ಲ. ನನ್ನ ಪರದೆಗಳ ಬಗ್ಗೆ ಅಪ್ಪ ಯಾರಿಗೂ ಏನೂ ಹೇಳಿದ್ದಿಲ್ಲ, ಇರಲಿ.

ಅಪ್ಪನಿಗೆ ಆ ಹೆಮ್ಮೆ ಇರುವುದಕ್ಕೆ ಕಾರಣವೂ ಉಂಟು. ಅವನು ಕ್ಯಾಸೆಟ್ ಅಂಗಡಿ ಇಟ್ಟುಕೊಂಡಿದ್ದವನು. ಗಿರಾಕಿಗಳು ಬೇಕಾದ ಹಾಡುಗಳ ಹೆಸರು ಹೇಳಿದರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದ. ಅಮ್ಮ ಎದುರಿನ ಸ್ಟೂಲಿನಲ್ಲಿ ಕೂತು ಡಬ್ಬಿಯ ಚೀಟಿಗೆ ಹಾಡಿನ ಹೆಸರು ಬರೆಯುತ್ತಿದ್ದಳು. ಅಂಗಡಿ ಮುಚ್ಚುವಾಗ ಅಪ್ಪ ತನ್ನಲ್ಲಿದ್ದದ್ದನ್ನೆಲ್ಲ ಕಂಪ್ಯೂಟರಿಗೆ ಏರಿಸಿದ. ಒಂದು ಹಾಡು ಗ್ರಾಮಫೋನ್ ತಟ್ಟೆಯಿಂದ ಬಂದದ್ದು, ಇನ್ನೊಂದು ಸವೆದ ಕ್ಯಾಸೆಟ್ಟಿನಿಂದ, ಮತ್ತೊಂದು ಯಾರದೋ ಸೀಡಿಯಿಂದ. ಒಂದನ್ನು ಕೇಳಲು ಕಿವಿ ನಿಮಿರಿಸಬೇಕು, ಮುಂದಿನದಕ್ಕೆ ಕಿವಿ ಮುಚ್ಚಿಕೊಳ್ಳಬೇಕು. ಯಾವುದು ಹೇಗೆ ಎಂದು ಅಪ್ಪನಿಗೆ ಬಾಯಿಪಾಠ. ನಡುಮನೆಯಲ್ಲಿ ಮೊಣಕಾಲೆತ್ತರದ ಕಪಾಟಿನ ಮೇಲೆ ಹಳೆಯ ಪ್ಲೇಯರ್ ಇದೆ. ಹಾಡು ಮುಗಿಯುತ್ತಾ ಬಂದಾಗ ಅಪ್ಪ ಪಕ್ಕದ ಕುರ್ಚಿಯಲ್ಲಿ ಕೂತಲ್ಲೇ ಬಗ್ಗಿ, ಕನ್ನಡಕದ ಮೇಲಿನಿಂದ ನೋಡುತ್ತಾ ಮುಂದಿನದಕ್ಕೆ ತಕ್ಕಷ್ಟು ಸದ್ದಿನ ನಾಬನ್ನು ತಿರುಗಿಸಿಡುತ್ತಿದ್ದ.

ಅಮ್ಮನಿಗೆ ಸ್ಟ್ರೋಕ್ ಆದ ಮೇಲೆ ಈ ಪ್ಲೇಯರೇ ನಮ್ಮ ಮನೆಯ ಒಲೆ ಆಯಿತು ಅನ್ನಬೇಕು. ಅವಳ ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ನುಂಗುವುದು ಅರ್ಧ ಹೋಗಿತ್ತು. ನೀರಿಗೂ ಪುಡಿ ಬೆರೆಸಿ ಗಟ್ಟಿ ಮಾಡಿ ಚಮಚದಲ್ಲಿ ಕೊಡಬೇಕು, ಇಲ್ಲದಿದ್ದರೆ ಶ್ವಾಸನಾಳಕ್ಕೆ ಜಾರುತ್ತದೆ. ಉಳಿದದ್ದು ಕಣ್ಣು, ಕಿವಿ ಮತ್ತು ಹಠ. ಹಾಡು ಹಾಕದೆ ಅಮ್ಮ ಬಾಯಿ ತೆರೆಯುತ್ತಿರಲಿಲ್ಲ. ಹಾಡು ಹಾಕಿದರೆ, ನಿಧಾನವಾಗಿ, ಒಂದೊಂದೇ ಚಮಚ ರುಬ್ಬಿದ ಸೂಪು ಒಳಗೆ ಹೋಗುತ್ತಿತ್ತು. ತಿನ್ನಿಸುವವಳು ನಾನು, ಎದುರಿಗೆ ಪ್ಲೇಯರಿನ ಪಕ್ಕ ಅಪ್ಪ.

ಒಂದು ಮಧ್ಯಾಹ್ನ ಬಾಗಿಲ ಬೆಲ್ ಆಯಿತು. ನನ್ನ ಕೈಯಲ್ಲಿ ಚಮಚ ಇತ್ತು, ಅಪ್ಪ ಎದ್ದುಹೋದ. ಆಗ ಬರುತ್ತಿದ್ದುದು ಕೇಳಿಸದಷ್ಟು ಮೆಲ್ಲಗಿನ ಹಾಡು, ನಾಬು ತುಂಬ ಮೇಲಿತ್ತು. ಅಪ್ಪ ಬಾಗಿಲಲ್ಲಿರುವಾಗಲೇ ಆ ಹಾಡು ಮುಗಿದು ಮುಂದಿನದು ಶುರುವಾಯಿತು. ಮಹಡಿ ಕುಸಿದ ಹಾಗಿತ್ತು ಸದ್ದು. ಅಮ್ಮ ಬೆಚ್ಚಿಬಿದ್ದಳು, ಬಾಯಲ್ಲಿದ್ದದ್ದು ಉಸಿರಿನ ಜೊತೆ ಒಳಗೆ ಹೋಯಿತು. ಕೆಮ್ಮಿ ಕೆಮ್ಮಿ ಮುಖ ನೀಲಿಯಾಯಿತು. ಸಂಜೆಗೆ ಜ್ವರ, ಮರುದಿನ ಆಸ್ಪತ್ರೆ, ನ್ಯುಮೋನಿಯಾ.

ಅಲ್ಲಿ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದರು. ಅಮ್ಮ ಎಡಗೈಯಿಂದ ಎಳೆದು ಬಿಸಾಕಿದಳು. ಮತ್ತೆ ಹಾಕಿದರು, ಮತ್ತೆ ಎಳೆದಳು. ಆಮೇಲೆ ಬ್ಯಾಂಡೇಜ್ ಬಟ್ಟೆಯಿಂದ ಅವಳ ಕೈಯನ್ನು ಮಂಚದ ಸರಳಿಗೆ ಕಟ್ಟಿದರು. ನೆಟ್ಟಗಿದ್ದದ್ದೇ ಒಂದು ಕೈ, ಅದನ್ನೂ ಕಟ್ಟಿಹಾಕಿದರು. ಅಮ್ಮ ಅಳಲಿಲ್ಲ. ನಮ್ಮ ಮೂವರನ್ನೂ ಸರದಿಯ ಮೇಲೆ ನೋಡಿದಳು, ಅಷ್ಟೇ.

ಮನೆಗೆ ಕಳಿಸುವಾಗ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. "ಬಾಯಲ್ಲೇ ತಿನ್ನಿಸಿ ನೋಡಿ. ತಿಂಗಳ ಕೊನೆಗೆ ಕರ್ಕೊಂಡು ಬನ್ನಿ, ತೂಕ ನೋಡ್ತೀನಿ. ಇನ್ನೂ ಇಳಿದಿದ್ರೆ, ಇಲ್ಲಾ ಇನ್ನೊಂದು ಸಲ ಶ್ವಾಸಕೋಶಕ್ಕೆ ಹೋದ್ರೆ, ನಳಿಕೆ ಹಾಕಲೇಬೇಕು."

"ಎಳೆದ್ಹಾಕ್ತಾಳೆ ಡಾಕ್ಟ್ರೆ" ಅಂದ ಅಪ್ಪ.

"ಹಾಗಾದ್ರೆ ಕಟ್ಟಲೇಬೇಕು. ಬೇರೆ ದಾರಿ ಇಲ್ಲ."

ಟ್ಯಾಕ್ಸಿಯಲ್ಲಿ ಅಪ್ಪ ಅಮ್ಮನ ಎಡಗೈಯ ಮಣಿಕಟ್ಟನ್ನು ತಿಕ್ಕುತ್ತಲೇ ಕೂತಿದ್ದ. ಆ ದಿನ ಬಾಗಿಲು ತೆಗೆಯಲು ಎದ್ದದ್ದೇ ತಪ್ಪು ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಅಂದಿನಿಂದ ಬೆಲ್ ಎಷ್ಟು ಹೊಡೆದರೂ ಅವನು ಏಳುವುದಿಲ್ಲ. ಹಾಲಿನವನು ಬಂದರೂ ಅಷ್ಟೇ, ಮನೆ ಮಾಲೀಕರು ಬಂದರೂ ಅಷ್ಟೇ.

"ಇದು ಲೆವೆಲ್ ಸಮಸ್ಯೆ" ಅಂದಳು ಅಕ್ಕ ಮನೆಗೆ ಬಂದ ಸಂಜೆ. "ಎಲ್ಲಾ ಹಾಡನ್ನೂ ಒಂದೇ ಮಟ್ಟಕ್ಕೆ ತಂದುಬಿಡ್ತೀನಿ. ಆಮೇಲೆ ಅಪ್ಪ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ. ಯಾರೂ ಬೆಚ್ಚಿಬೀಳೋ ಹಾಗಿಲ್ಲ."

ಅದಕ್ಕೊಂದು ಸಾಫ್ಟ್‌ವೇರ್ ಇದೆ. ಅದು ಪ್ರತಿ ಹಾಡನ್ನೂ ಮೊದಲಿನಿಂದ ಕೊನೆಯವರೆಗೆ ತಾನೇ ಕೇಳಿಕೊಂಡು ಎಷ್ಟು ಜೋರಿದೆ ಎಂದು ಅಳೆಯುತ್ತದೆ. ಆಮೇಲೆ ಇದನ್ನು ಇಷ್ಟು ಏರಿಸಬೇಕು, ಅದನ್ನು ಅಷ್ಟು ಇಳಿಸಬೇಕು ಎಂದು ಹಾಡಿನ ಜೊತೆಗೇ ಒಂದು ಗುರುತು ಬರೆದಿಡುತ್ತದೆ. ಹೊಸ ಪ್ಲೇಯರುಗಳು ಆ ಗುರುತು ಓದಿಕೊಂಡು ತಾವೇ ಸರಿಮಾಡಿಕೊಳ್ಳುತ್ತವಂತೆ. ನಮ್ಮ ಪ್ಲೇಯರಿಗೆ ಓದು ಬರುವುದಿಲ್ಲ. ಹೊಸದನ್ನು ತರೋಣವೆಂದರೆ ಅಮ್ಮನಿಗೆ ಗೊತ್ತಿರುವುದು ಇದೊಂದೇ ಪೆಟ್ಟಿಗೆ, ಅವಳ ಕಣ್ಣಿನೆದುರು ಏನನ್ನೂ ಬದಲಿಸಲು ನಮಗೆ ಧೈರ್ಯ ಇರಲಿಲ್ಲ. ಹಾಗಾಗಿ ಅಕ್ಕ ಮೂಲದ್ದನ್ನು ಬೇರೆ ಕಡೆ ಎತ್ತಿಟ್ಟು ಹಾಡುಗಳನ್ನೇ ತಿದ್ದಲು ಹೊರಟಳು. ಅಪ್ಪ ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪಿನ ಪರದೆಯ ಮೇಲೆ ತೆವಳುವ ಹಸಿರು ಪಟ್ಟಿಯನ್ನೇ ನೋಡುತ್ತಾ ಕೂತ. "ಅಷ್ಟೂ ಹಾಡು ಕೇಳಿಸಿಕೊಳ್ತಾ ಇದೆಯಾ ಅದು?" ಎಂದು ಕೇಳಿದ. ಹೌದು ಅಂದಳು ಅಕ್ಕ. "ನನಗಿಂತ ಬೇಗ ಕೇಳತ್ತಲ್ಲ" ಅಂದ. ಅವನ ದನಿಯಲ್ಲಿ ಒಂದಿಷ್ಟು ಹೊಟ್ಟೆಕಿಚ್ಚಿತ್ತು ಅಂತ ನನಗನ್ನಿಸಿತು.

ಕೆಲಸ ನಿಜಕ್ಕೂ ಅಚ್ಚುಕಟ್ಟಾಗಿತ್ತು. ಮೊದಲ ದಿನ ಅಪ್ಪ ಅಭ್ಯಾಸಬಲದಿಂದ ನಾಬಿನ ಕಡೆ ಕೈ ಚಾಚಿದ. ಅದರ ಅಗತ್ಯವೇ ಬರಲಿಲ್ಲ. ಹಾಡಿನ ಮೇಲೆ ಹಾಡು ಹೊಲಿಗೆ ಕಾಣದ ಹಾಗೆ ಬಂದವು. ಅಪ್ಪ ಮೊದಲ ಬಾರಿಗೆ ಬೆನ್ನು ಆನಿಸಿ ಕೂತ, ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡ. "ನೋಡಿದ್ಯಾ, ನನ್ನ ಮಗಳ ಕೈ ಬಿದ್ದ ಮೇಲೆ ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಇಲ್ಲ" ಎಂದು ಅಮ್ಮನಿಗೆ ಹೇಳಿದ. ಸ್ವಲ್ಪ ಹೊತ್ತಿಗೆ ಅವನಿಗೆ ತೂಕಡಿಕೆ ಬಂತು. ಪಾಪ, ಆಸ್ಪತ್ರೆಯಲ್ಲಿ ನಿದ್ದೆಗೆಟ್ಟವನು ಮಲಗಲಿ ಎಂದು ನಾನೂ ಸುಮ್ಮನಿದ್ದೆ.

ಅಮ್ಮ ಬಾಯಿ ತೆರೆದಳು, ಚಮಚ ಇಟ್ಟೆ, ಬಾಯಿ ಮುಚ್ಚಿದಳು. ಮುಂದಕ್ಕೇನೂ ಆಗಲಿಲ್ಲ. ಸೂಪು ಕೆನ್ನೆಯೊಳಗೇ ನಿಂತಿತು. ಕಾದೆ. ಗಂಟಲು ಸವರಿದೆ, ನುಂಗಮ್ಮ ಎಂದು ಗೋಗರೆದೆ. ಅವಳು ನನ್ನನ್ನು ದಾಟಿ ಅಪ್ಪನ ಕಡೆ ನೋಡುತ್ತಾ ಕೂತಿದ್ದಳು. ಕೊನೆಗೆ ಕೆನ್ನೆಗೆ ಬೆರಳು ಹಾಕಿ ಎಲ್ಲವನ್ನೂ ತೆಗೆದೆ.

ಆಸ್ಪತ್ರೆಯಿಂದ ಬಂದ ದಣಿವು ಅಂದುಕೊಂಡೆವು. ಸಂಜೆಯೂ ಅದೇ, ಮರುದಿನವೂ ಅದೇ. ಬಟ್ಟಲಿನಲ್ಲಿ ಅರ್ಧ ಹೋದರೆ ಅಂದು ನಮ್ಮ ಪುಣ್ಯ. ನುಂಗುವುದನ್ನು ಕಲಿಸಲು ಆಸ್ಪತ್ರೆಯಿಂದ ಒಬ್ಬರು ಬರುತ್ತಿದ್ದರು, ನಮ್ಮ ಮನೆಯಲ್ಲಿ ಅವರಿಗೆ ನುಂಗಿಸೋ ಮೇಡಂ ಎಂದೇ ಹೆಸರು. ಅವರು ಅಮ್ಮನ ಗಂಟಲಿನ ಮೇಲೆ ಬೆರಳಿಟ್ಟು ನೋಡಿದರು.

"ಗದ್ದ ಕೆಳಗಿಳಿಸ್ತಾ ಇಲ್ಲ ಇವ್ರು. ಗದ್ದ ಎದೆ ಕಡೆ ಬಂದ್ರೆ ಅನ್ನದ ದಾರಿ ತೆರೆಯತ್ತೆ, ಉಸಿರಿನ ದಾರಿ ಮುಚ್ಚತ್ತೆ. ಮುಂಚೆ ಚೆನ್ನಾಗಿ ಮಾಡ್ತಾ ಇದ್ರಲ್ಲ, ಯಾರು ಹೇಳಿಕೊಟ್ಟಿದ್ರಿ?"

ಯಾರೂ ಹೇಳಿಕೊಟ್ಟಿರಲಿಲ್ಲ. ಮೇಡಂ ಮೆತ್ತಗೆ ತಲೆಯ ಹಿಂಭಾಗಕ್ಕೆ ಕೈ ಕೊಟ್ಟು ಬಗ್ಗಿಸಲು ನೋಡಿದರು. ಅಮ್ಮ ಕತ್ತು ಸೆಟೆದು ಕೂತಳು. ಹಠದಲ್ಲಿ ಅವಳನ್ನು ಮೀರಿಸುವವರು ಇನ್ನೂ ಹುಟ್ಟಬೇಕು.

ಅಕ್ಕನ ಕಿವಿಗೆ ಅದು ಬೀಳಲೇ ಇಲ್ಲ. ಅವಳ ಪ್ರಕಾರ ತಪ್ಪೆಲ್ಲ ಮಟ್ಟದ್ದು. ಒಂದು ದಿನ ಎಲ್ಲ ಹಾಡನ್ನೂ ತಗ್ಗಿಸಿ ತಂದಳು, ಇನ್ನೊಂದು ದಿನ ಏರಿಸಿ ತಂದಳು. ಹಾಡಿನ ಒಳಗಿನ ಏರಿಳಿತವನ್ನೂ ಅದುಮಿ, ಪಲ್ಲವಿಯೂ ಕೊಳಲೂ ತಬಲವೂ ಒಂದೇ ಎತ್ತರದಲ್ಲಿ ನಿಲ್ಲುವ ಹಾಗೆ ಮಾಡಿದಳು. ಇಸ್ತ್ರಿ ಮಾಡಿದ ಬಟ್ಟೆಯ ಹಾಗಿದ್ದವು ಆ ಹಾಡುಗಳು, ಒಂದು ಸುಕ್ಕಿಲ್ಲ, ಒಂದು ಜೀವವಿಲ್ಲ. ಕೆಲಸಕ್ಕೆ ರಜೆ ಹಾಕಿದಳು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಹರಡಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿ, ತಲೆ ಬಾಚದೆ ಕೂತಿರುತ್ತಿದ್ದಳು. ಅಮ್ಮನ ಭುಜದ ಮೂಳೆ ರವಿಕೆಯನ್ನು ಎತ್ತಿ ಹಿಡಿಯುವಂತಾಯಿತು. ನಾನು ಅವಳ ರವಿಕೆಗಳಿಗೆಲ್ಲ ಒಳಹೊಲಿಗೆ ಹಾಕಿದೆ. ಹೊಲಿಯುತ್ತಾ ಹೊಲಿಯುತ್ತಾ ಬೆರಳಿಗೆ ಚುಚ್ಚಿಕೊಂಡೆ. ಇಷ್ಟು ವರ್ಷದ ಕಸುಬಿನಲ್ಲಿ ಹಾಗಾದದ್ದು ನೆನಪಿಲ್ಲ.

"ಇವತ್ತು ಸದ್ದನ್ನ ಇನ್ನೂ ಎರಡು ಡಿಬಿ ಇಳಿಸಿ ನೋಡ್ತೀನಿ" ಅಂದಳು ಅಕ್ಕ ಒಂದು ಬೆಳಿಗ್ಗೆ.

ನನಗೆ ತಡೆಯಲಾಗಲಿಲ್ಲ. "ಇಳಿಸು. ಅಮ್ಮನ ತೂಕಾನೂ ಇಳೀತಿದೆ, ಎರಡೂ ಸಮ ಆಗ್ಲಿ."

"ಬಾಯಿ ಮುಚ್ಚು ಸೂಜಿ."

"ಯಾಕೆ ಮುಚ್ಚಬೇಕು? ನೀನು ಈ ಹಾಡುಗಳಿಗೆ ಕೈ ಹಚ್ಚೋ ತನಕ ಅವಳು ತಿಂತಾ ಇದ್ಲು. ನಿನ್ನ ಸಾಫ್ಟ್‌ವೇರೇ ಅವಳನ್ನ ಉಪವಾಸ ಕೆಡವಿದೆ."

"ಹಾಗಾದ್ರೆ ಹಳೇದನ್ನೇ ಹಾಕ್ಲಾ?" ಅಕ್ಕ ಎದ್ದು ನಿಂತಳು. "ಹಾಕ್ಲಾ ಹೇಳು. ಮತ್ತೆ ಅಪ್ಪ ಒಂದು ಸಲ ಸೀನಿದ್ರೂ ಸಾಕು, ಸೀದಾ ಆಸ್ಪತ್ರೆ. ನಿಂಗೆ ಆ ಬಟ್ಟೆ ಕಟ್ಟಿದ್ದು ಮರೆತೋಯ್ತಾ?"

ಮರೆತಿರಲಿಲ್ಲ. ಮುಂದೆ ಹೋದರೆ ಹಸಿವು, ಹಿಂದೆ ಹೋದರೆ ಕೆಮ್ಮು, ಎರಡರ ಕೊನೆಯಲ್ಲೂ ಆ ಸರಳು ಮತ್ತು ಆ ಬಟ್ಟೆ. ಇಬ್ಬರೂ ಅಡುಗೆಮನೆಯಲ್ಲಿ ನಿಂತು ಸದ್ದಾಗದ ಹಾಗೆ ಅತ್ತೆವು. ನಡುಮನೆಯಲ್ಲಿ ಅಪ್ಪ ಪಕ್ಕದ ಮನೆಯವರಿಗೆ ಹೇಳುತ್ತಿದ್ದ, "ಹಾಡಿನದ್ದು ಏನೂ ತೊಂದ್ರೆ ಇಲ್ಲ. ದೊಡ್ಡೋಳು ಸರಿಮಾಡಿಟ್ಟಿದ್ದಾಳೆ. ಇವಳಿಗೇ ಯಾಕೋ ಊಟ ಸೇರ್ತಿಲ್ಲ."

ಅವತ್ತೇ ಮಧ್ಯಾಹ್ನ ನಡೆದದ್ದು ಇದು. ಅಮ್ಮನ ಕೆನ್ನೆಯಲ್ಲಿ ಸೂಪು ಎಂದಿನಂತೆ ನಿಂತಿತ್ತು. ತೆಗೆಯಲೆಂದು ನಾನು ಅವಳ ಗದ್ದದ ಕೆಳಗೆ ಕೈಯಿಟ್ಟಿದ್ದೆ. ಸ್ಪೀಕರಿನಲ್ಲಿ ಚರಚರ ಎಂದು ಸದ್ದು ಬಂತು, ಎಲ್ಲೋ ತಂತಿ ಸಡಿಲಾಗಿರಬೇಕು. ಅಪ್ಪ ಎಚ್ಚರಗೊಂಡು ಕೂತಲ್ಲೇ ಪ್ಲೇಯರಿನ ಕಡೆ ಬಗ್ಗಿದ. ಗದ್ದ ಎದೆಗೆ ಹತ್ತಿಸಿಕೊಂಡು ಕನ್ನಡಕದ ಮೇಲಿನಿಂದ ಹುಡುಕಿದ. ನನ್ನ ಅಂಗೈ ಮೇಲೆ ಭಾರ ಬಿತ್ತು. ಅಮ್ಮನ ಗದ್ದ ಕೆಳಗಿಳಿದಿತ್ತು. ಬೆರಳಿನ ಕೆಳಗೆ ಅವಳ ಗಂಟಲು ಒಮ್ಮೆ ಮೇಲೆದ್ದು ಇಳಿಯಿತು.

ಬೇಗ ಇನ್ನೊಂದು ಚಮಚ ಇಟ್ಟೆ. ಅಪ್ಪ ನೆಟ್ಟಗಾದ, ಅಮ್ಮನೂ ನೆಟ್ಟಗಾದಳು. ಸೂಪು ಕೆನ್ನೆಯಲ್ಲೇ ನಿಂತಿತು.

"ಅಪ್ಪ, ಎಡಗಡೆ ತಂತೀನೂ ಒಂಚೂರು ನೋಡು" ಎಂದು ಸುಳ್ಳು ಹೇಳಿದೆ.

ಅಪ್ಪ ಬಗ್ಗಿದ, ಅಮ್ಮ ನುಂಗಿದಳು. ಬಲಗಡೆಯದು ನೋಡು ಅಂದೆ. ಬಗ್ಗಿದ, ನುಂಗಿದಳು. ನಾಲ್ಕನೆಯ ಸಲಕ್ಕೆ ಅಪ್ಪ, "ಎಲ್ಲ ಸರಿಯಾಗಿದೆ ಕಣೆ, ನಿಂದೊಂದು" ಎಂದು ಬೈದು ಮತ್ತೆ ಬೆನ್ನು ಆನಿಸಿದ. ಅಲ್ಲಿಗೆ ಊಟ ಮುಗಿಯಿತು.

ಅಕ್ಕನನ್ನು ಎಳೆದುಕೊಂಡು ಬಂದು ಹೇಳಿದೆ. ಅವಳು ನಂಬಲಿಲ್ಲ. ಆಮೇಲೆ ಕುರ್ಚಿಯಲ್ಲಿ ಮೆಲ್ಲಗೆ ಕೂತಳು. ಇಬ್ಬರಿಗೂ ಒಂದೇ ಚಿತ್ರ ಕಣ್ಣಿಗೆ ಬಂದಿತ್ತು. ಸ್ಕೂಲು ಬಿಟ್ಟ ಮೇಲೆ ನಾವು ಅಂಗಡಿಯ ಮೂಲೆಯಲ್ಲಿ ಕೂತಿರುತ್ತಿದ್ದೆವು. ಹಾಡು ಮುಗಿಯಿತು ಅಂದರೆ ಅಪ್ಪ ಮುಂದಿನದಕ್ಕೆ ಸದ್ದು ಹೊಂದಿಸಲು ರೆಕಾರ್ಡಿಂಗ್ ಯಂತ್ರದ ಮೇಲೆ ಬಗ್ಗುತ್ತಿದ್ದ. ಅವನು ಬಗ್ಗಿದ್ದನ್ನು ಕಂಡ ಕೂಡಲೇ ಎದುರಿಗೆ ಅಮ್ಮ ಮುಂದಿನ ಹಾಡಿನ ಹೆಸರು ಬರೆಯಲು ಚೀಟಿಯ ಮೇಲೆ ಬಗ್ಗುತ್ತಿದ್ದಳು. ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತಿದ್ದರು. ಮಾತು ಹೋಯಿತು, ಬರೆಯುವ ಕೈ ಹೋಯಿತು, ಆ ಬಗ್ಗುವುದೊಂದು ಉಳಿದುಕೊಂಡಿತ್ತು. ಅಪ್ಪನ ನಾಬಿನ ಕೆಲಸವನ್ನು ಅಕ್ಕ ತೆಗೆದುಬಿಟ್ಟಿದ್ದಳು. ಅದರ ಜೊತೆ ಅಮ್ಮನ ನುಂಗುವುದೂ ಹೋಗಿತ್ತು.

"ಅಷ್ಟೇ ತಾನೆ? ನಾವೇ ಬಗ್ಗೋಣ" ಅಂದಳು ಅಕ್ಕ. ಸಂಜೆ ಇಬ್ಬರೂ ಅಮ್ಮನ ಎದುರು ಕೂತು ಕಾಳು ಹೆಕ್ಕುವ ಕೋಳಿಗಳ ಹಾಗೆ ತಲೆ ಬಗ್ಗಿಸಿದೆವು, ಎತ್ತಿದೆವು. ಅಮ್ಮ ಇಬ್ಬರನ್ನೂ ನೋಡಿದಳು. ಈ ಎರಡಕ್ಕೂ ತಲೆ ಕೆಟ್ಟಿದೆ ಎಂಬುದು ಅವಳ ಮುಖದ ನೆಟ್ಟಗಿದ್ದ ಅರ್ಧದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬಹಳ ದಿನದ ಮೇಲೆ ಅವಳ ತುಟಿಯ ಎಡಭಾಗ ಸ್ವಲ್ಪ ಮೇಲೆ ಹೋಯಿತು. ಸೂಪು ಮಾತ್ರ ಕೆಳಗೆ ಹೋಗಲಿಲ್ಲ.

"ಅಪ್ಪನಿಗೆ ಹೇಳಿಬಿಡೋಣ" ಅಂದಳು ಅಕ್ಕ.

"ಏನಂತ ಹೇಳ್ತೀಯ?" ಅಂದೆ. "ನೀನು ಬೆನ್ನು ಆನಿಸಿ ಮಲಗಿದ್ದಕ್ಕೇ ಇಷ್ಟು ದಿನ ಅಮ್ಮ ಹಸಿದಿದ್ಲು ಅಂತಲಾ? ಒಂದು ಸಲ ಬಾಗಿಲು ತೆಗೆಯೋಕೆ ಹೋದೋನು ಇವತ್ತಿಗೂ ಬೆಲ್ ಆದ್ರೆ ಕಿವಿ ಮುಚ್ಕೊಳ್ತಾನೆ. ಇದನ್ನ ಹೇಳಿದ್ರೆ ನಾಳೆಯಿಂದ ಅವನಿಗೂ ನಾನೇ ತಿನ್ನಿಸಬೇಕಾಗತ್ತೆ."

ಅಪ್ಪನಿಗೆ ನಾಟಕ ಬರುವುದಿಲ್ಲ ಎಂಬುದೂ ಅಕ್ಕನಿಗೆ ಗೊತ್ತಿತ್ತು. ಫೋಟೊ ತೆಗೆಯುವಾಗ ನಗು ಅಂದರೆ ಹಲ್ಲು ನೋವು ಬಂದವನ ಹಾಗೆ ನಿಲ್ಲುವವನು ಅವನು. ಅಮ್ಮನ ಪ್ರತಿ ತುತ್ತೂ ತನ್ನ ಕತ್ತಿಗೆ ಜೋತುಬಿದ್ದಿದೆ ಎಂದು ಗೊತ್ತಾದರೆ ಅವನ ಕತ್ತು ಮತ್ತೆ ಎಂದಿನ ಹಾಗೆ ಬಗ್ಗುವುದುಂಟೆ? ಅವನು ಸುಮ್ಮನೆ, ನಿಜವಾಗಿ, ಕೆಲಸಕ್ಕೆಂದೇ ಬಗ್ಗಬೇಕು. ಅಂದರೆ ಅವನಿಗೆ ಕೆಲಸ ಇರಬೇಕು.

"ಹಾಡು ಕೆಡಿಸಬೇಕು" ಅಂದೆ.

ಅಕ್ಕ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು. "ಬೆಚ್ಚಿಬೀಳದ ಹಾಗೆ ಕೆಡಿಸಬೇಕು" ಅಂದಳು. ಮುಚ್ಚಳ ತೆಗೆದಳು.

ಸಮ ಮಾಡುವುದಕ್ಕೆ ಸಾಫ್ಟ್‌ವೇರ್ ಇದೆ. ಕೆಡಿಸುವುದಕ್ಕೆ ಇಲ್ಲ. ಒಂದೊಂದು ಹಾಡನ್ನೂ ಅವಳು ಕೈಯಾರೆ ಮಾಡಬೇಕಾಯಿತು. ಒಂದು ಹಾಡು ಸರಿಯಾದ ಮಟ್ಟದಲ್ಲಿ ಶುರುವಾಗಿ, ಗೊತ್ತೇ ಆಗದಷ್ಟು ನಿಧಾನಕ್ಕೆ ಕುಗ್ಗುತ್ತಾ ಹೋಗಬೇಕು. ಆಗ ಅಪ್ಪ ಬಗ್ಗಿ ಏರಿಸುತ್ತಾನೆ. ಏರಿಸಿದ ಮೇಲೆ ಅದು ಮೆಲ್ಲಗೆ ಉಬ್ಬುತ್ತಾ ಬರಬೇಕು. ಮತ್ತೆ ಬಗ್ಗಿ ಇಳಿಸುತ್ತಾನೆ. ಎಲ್ಲೂ ಜಿಗಿತ ಇರಬಾರದು. ಪ್ರತಿ ಹಾಡೂ ಬೇರೆ ಬೇರೆ ಜಾಗದಲ್ಲಿ ಜಾರಬೇಕು, ಇಲ್ಲದಿದ್ದರೆ ಅಪ್ಪ ಎರಡೇ ದಿನದಲ್ಲಿ ಬಾಯಿಪಾಠ ಮಾಡಿಕೊಂಡು ನೋಡದೆಯೇ ತಿರುಗಿಸುತ್ತಾನೆ. ಅವನಿಗೆ ಜೀವವಾಗಿದ್ದ ಹಾಡುಗಳು ಅವು. ಅಮ್ಮನ ಕೈಬರಹದಲ್ಲಿ ಹೆಸರು ಬರೆಸಿಕೊಂಡವು. ಗೋಡೆಯ ಫೋಟೊ ಓರೆಯಾದರೆ ಊಟ ಬಿಡುವ ನಮ್ಮಕ್ಕ, ಹಗಲೆಲ್ಲ ಕೂತು ಅವನ್ನು ಒಂದೊಂದಾಗಿ ಓರೆ ಮಾಡಿದಳು. ನಡುನಡುವೆ ಹೆಡ್‌ಫೋನ್ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಚಹಾ ತಂದಿಟ್ಟೆ.

ಮರುದಿನ ಮಧ್ಯಾಹ್ನ ಹೊಸ ಹಾಡುಗಳನ್ನು ಹಾಕಿದೆವು. ನಾನು ಅಮ್ಮನ ಬಾಯಿಗೆ ಚಮಚ ಇಟ್ಟು ಕಾದೆ. ಹಾಡು ಕುಗ್ಗತೊಡಗಿತು. ಅಪ್ಪ ಕಣ್ಣು ಬಿಟ್ಟ, ಕಿವಿ ಆಲಿಸಿದ, ಹುಬ್ಬು ಗಂಟಿಕ್ಕಿದ. ಆಮೇಲೆ ಬಗ್ಗಿದ.

ಅಮ್ಮನ ಗದ್ದ ಇಳಿಯಿತು. ಗಂಟಲು ಆಡಿತು.

ಬಟ್ಟಲು ಖಾಲಿಯಾಗುವ ಹೊತ್ತಿಗೆ ಅಪ್ಪನಿಗೆ ಸೊಂಟ ನೋವು ಬಂದಿತ್ತು, ಮುಖ ಕೆಂಪಗಾಗಿತ್ತು. "ಏನಾಗಿದೆ ಇದಕ್ಕೆ? ಸರಿಯಾಗಿ ಇತ್ತಲ್ಲ ನಿನ್ನೆವರೆಗೂ?"

"ಇನ್ನೂ ಚೆನ್ನಾಗಿ ಮಾಡೋಣ ಅಂತ ಹೋದೆ ಅಪ್ಪ, ಹೀಗಾಯ್ತು" ಅಂದಳು ಅಕ್ಕ.

ತಿಂಗಳ ಕೊನೆಗೆ ಅಮ್ಮನನ್ನು ತೂಕದ ಕುರ್ಚಿಯಲ್ಲಿ ಕೂರಿಸಿದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ನಡುವೆ ಇಳಿದದ್ದನ್ನು ತುಂಬಿಕೊಂಡಿದ್ದಳು, ಆಸ್ಪತ್ರೆ ಬಿಟ್ಟ ದಿನಕ್ಕಿಂತ ಏರಿಯೂ ಇರಲಿಲ್ಲ, ಇಳಿದೂ ಇರಲಿಲ್ಲ. ಡಾಕ್ಟರು ಅಮ್ಮನ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, "ಇನ್ನೊಂದು ತಿಂಗಳು ನೋಡೋಣ" ಅಂದರು. ನಮಗೆ ಸಿಕ್ಕಿದ್ದು ಅಷ್ಟು. ಇನ್ನೊಂದು ತಿಂಗಳು, ಆಮೇಲೆ ಮತ್ತೆ ಆ ಕುರ್ಚಿ.

ಅಪ್ಪನಿಗೆ ಮಾತ್ರ ಸಮಾಧಾನವಿಲ್ಲ. ಒಂದೊಂದು ಊಟಕ್ಕೂ ಅವನ ಗೊಣಗಾಟ ಬೆಳೆಯಿತು. ಅವನು ಯಾವುದನ್ನಾದರೂ ಬಾಯಿಪಾಠ ಮಾಡಿಕೊಂಡ ಅನ್ನಿಸಿದರೆ ಅಕ್ಕ ಹೊಸದಾಗಿ ಕೆಡಿಸಿ ತರುತ್ತಿದ್ದಳು. ಮನೆಗೆ ಬಂದವರೆದುರು ಮಗಳ ಕೆಲಸದ ಮಾತನ್ನು ಅವನು ನಿಲ್ಲಿಸಿದ. ಪಕ್ಕದ ಮನೆಯವರು ತಾವಾಗಿ ಕೇಳಿದಾಗ, "ಅವಳಿಗೆ ಯಾಕೋ ಕಿವಿ ಮಂದ ಆದಂಗಿದೆ" ಅಂದ. ಅಕ್ಕ ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

ಮೊನ್ನೆ ಒಂದು ಮಧ್ಯಾಹ್ನ ಅವನ ತಾಳ್ಮೆ ಪೂರ್ತಿ ತಪ್ಪಿತು. ಅಮ್ಮನ ಬಾಯಲ್ಲಿ ಚಮಚ ಇಟ್ಟಿದ್ದೆ, ಅಕ್ಕ ಅವಳ ಪಕ್ಕದ ಸ್ಟೂಲಿನಲ್ಲಿ ಕೂತಿದ್ದಳು. ಬಂದದ್ದು ಅಪ್ಪನಿಗೆ ಎಲ್ಲಕ್ಕಿಂತ ಇಷ್ಟದ ಹಾಡು, ಅಂಗಡಿಗೆ ಹೊಸ ಯಂತ್ರ ಬಂದ ದಿನ ಮೊದಲು ತುಂಬಿಸಿದ್ದು. ಚರಣಕ್ಕೆ ಬರುವಷ್ಟರಲ್ಲಿ ಅದು ಕುಗ್ಗಿ ಕುಗ್ಗಿ ಉಸಿರಿನಷ್ಟಾಯಿತು. ಅಪ್ಪ ನಾಬಿನ ಕಡೆ ಹೋಗಲೇ ಇಲ್ಲ. ನೆಟ್ಟಗೆ ಕೂತು ಅಕ್ಕನ ಕಡೆ ತಿರುಗಿದ.

"ಇದನ್ನೂ ಬಿಡ್ಲಿಲ್ಲ ಅಲ್ವಾ ನೀನು? ನಿಮ್ಮ ಸ್ಟೇಷನ್ನಲ್ಲಿ ನಿನ್ನ ಹೇಗೆ ಇಟ್ಕೊಂಡಿದ್ದಾರೋ ನಂಗಂತೂ ಗೊತ್ತಿಲ್ಲ. ನಾನು ಊರಿಗೆಲ್ಲಾ ಹೇಳ್ಕೊಂಡು ಓಡಾಡಿದೆ. ಬಿಟ್ಬಿಡು ಇನ್ನು, ನನ್ನ ಹಾಡು ಮುಟ್ಟಬೇಡ. ನಿನ್ನ ಕೈಲಾಗಲ್ಲ ಇದು."

ಮೇಲಧಿಕಾರಿ ಒಂದು ಮಾತು ಅಂದರೆ ನಾಲ್ಕು ಅಂದು ಬರುವವಳು ನಮ್ಮಕ್ಕ. ಈಗ ಎಲ್ಲ ಹೇಳಿಬಿಡುತ್ತಾಳೆ ಅಂದುಕೊಂಡೆ. ಹೇಳಲಿಲ್ಲ. "ಸರಿ ಅಪ್ಪ" ಅಂದಳು. ಕಣ್ಣೀರು ಕಾಣದಿರಲಿ ಎಂದು ತಲೆ ಬಗ್ಗಿಸಿದಳು. ಅವಳ ಗದ್ದ ಎದೆಗೆ ತಾಗಿತ್ತು.

ಅಪ್ಪ ಬಗ್ಗಿರಲಿಲ್ಲ. ಅಮ್ಮ ಅಪ್ಪನನ್ನು ನೋಡುತ್ತಲೂ ಇರಲಿಲ್ಲ. ಅವಳ ಕಣ್ಣು ಅಕ್ಕನ ಮೇಲಿತ್ತು. ನಾವು ನಾಟಕ ಮಾಡಿದಾಗ ನಕ್ಕವಳು ಈಗ ನಗಲಿಲ್ಲ. ಎಡಗೈ ಚಾಚಿ ಅಕ್ಕನ ಮೊಣಕಾಲಿನ ಮೇಲಿಟ್ಟಳು. ಆಮೇಲೆ ಅವಳ ಗದ್ದ ಅಕ್ಕನ ಗದ್ದದ ಹಾಗೆಯೇ ನಿಧಾನವಾಗಿ ಕೆಳಗಿಳಿಯಿತು, ಗಂಟಲು ಒಮ್ಮೆ ಆಡಿತು.

ಅಕ್ಕ ತಲೆ ಎತ್ತಲಿಲ್ಲ. ನಾನು ಇನ್ನೊಂದು ಚಮಚ ತುಂಬಿದೆ.